ಮೊದಲ ದಿನವೇ 550 ಕಿಲೋಮೀಟರ್ ಓಡಿಸಬೇಕೇ?

ಪ್ರಶ್ನೆ: ಬಾಡಿಗೆಗೆ ಆರ್‌ವಿ (ಹಾಸಿಗೆ, ಅಡುಗೆಮನೆ, ಶೌಚಾಲಯ ಎಲ್ಲ ಒಳಗೇ ಇರುವ ಗಾಡಿ) ತೆಗೆದುಕೊಂಡು ಹತ್ತು ದಿನ ಸುತ್ತಿ ಬರೋಣ ಎಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೇವೆ. ನಾನು, ಪತಿ, ಒಂಬತ್ತು ಮತ್ತು ಐದು ವರ್ಷದ ಮಕ್ಕಳು, ಎಪ್ಪತ್ತು ದಾಟಿದ ಅತ್ತೆ. ಗಾಡಿ ಏಳೂವರೆ ಮೀಟರ್ ಉದ್ದದ್ದು, ಮಧ್ಯಾಹ್ನ 12ಕ್ಕೆ ಕೈಗೆ ಸಿಗುತ್ತದೆ. ನನ್ನವರು ಅದೇ ರಾತ್ರಿಗೆ 550 ಕಿ.ಮೀ. ಆಚೆಯ ಕ್ಯಾಂಪ್‌ನಲ್ಲಿ ಜಾಗ ಬುಕ್ ಮಾಡಿಬಿಟ್ಟಿದ್ದಾರೆ. ಕಾರು ಚೆನ್ನಾಗಿ ಓಡಿಸುತ್ತಾರೆ, ಇಂಥ ಗಾಡಿ ಮುಟ್ಟಿಲ್ಲ. ಬೇಡ ಎಂದರೆ ‘ಹೊರಡೋ ಮುಂಚೆನೇ ಅಪಶಕುನ ನುಡೀಬೇಡ’ ಎನ್ನುತ್ತಾರೆ. ‘ನಾನು ಹಿಂದಿನ ಹಾಸಿಗೆಯಲ್ಲಿ ಮಲಗಿಕೊಂಡು ಬರ್ತೀನಿ, ನನಗೇನು ಕಷ್ಟ?’ ಎಂದು ಅತ್ತೆಯೂ ಮಗನ ಕಡೆ. ಮೊದಲ ಸಂಜೆ ಎಲ್ಲರಿಗೂ ಗಾಡಿಯಲ್ಲೇ ಅಡುಗೆ ಮಾಡಿ ಬಡಿಸಬೇಕೆಂಬುದು ನನ್ನ ಆಸೆ. ಸುಮ್ಮನಿರಲೇ, ಜಗಳವಾದರೂ ಸರಿ ಎಂದು ಹಟ ಹಿಡಿಯಲೇ?
— ಹೆಸರು, ಊರು ಬೇಡ

ಉತ್ತರ: ಹಟ ಹಿಡಿಯಿರಿ. ಆದರೆ ‘ಭಯ ಆಗುತ್ತೆ’ ಎಂದು ಶುರು ಮಾಡಬೇಡಿ. ಆ ಮಾತಿಗೆ ಅವರಲ್ಲಿ ಉತ್ತರ ಸಿದ್ಧವಾಗಿದೆ. ಕಾಗದ, ಪೆನ್ನು ಹಿಡಿದು ಇಬ್ಬರೂ ಗಡಿಯಾರದ ಲೆಕ್ಕ ಹಾಕಿ.

12ಕ್ಕೆ ಕೀಲಿ ಕೊಡುತ್ತಾರೆ ಎಂದರೆ 12ಕ್ಕೆ ಹೊರಡುತ್ತೀರಿ ಎಂದಲ್ಲ. ಗಾಡಿಯ ಒಳಹೊರಗನ್ನು ತಿಳಿದುಕೊಳ್ಳಲು ಒಂದೂವರೆ ಗಂಟೆ, ಐದು ಜನರ ಸಾಮಾನು ಒಳಗೆ ಜೋಡಿಸಲು ಒಂದು ಗಂಟೆ ಹಿಡಿಯಿರಿ. ಎರಡೂವರೆ ಆಯಿತು. ಹೆದ್ದಾರಿಯಲ್ಲೂ ಇಂಥ ಗಾಡಿಗೆ ಹೊಸಬರು ಗಂಟೆಗೆ ಸರಾಸರಿ 70 ಕಿ.ಮೀ.ಗಿಂತ ಹೆಚ್ಚು ಲೆಕ್ಕ ಹಾಕಬಾರದು. ಫೋನಿನ ನಕ್ಷೆ ತೋರಿಸುವ ಸಮಯ ಕಾರಿನದ್ದು. 550 ಕಿ.ಮೀ.ಗೆ ಸುಮಾರು ಎಂಟು ಗಂಟೆ. ಮಕ್ಕಳು, ಹಿರಿಯರು, ಇಂಧನ, ಊಟ ಎಂದು ನಿಲ್ಲುವುದಕ್ಕೆ ಎರಡು ಗಂಟೆ. ತಲುಪುವುದು ರಾತ್ರಿ ಹನ್ನೆರಡೂವರೆ. ಎಷ್ಟೋ ಕ್ಯಾಂಪ್‌ಗಳಲ್ಲಿ 10ರ ಮೇಲೆ ಸದ್ದು ಮಾಡುವಂತಿಲ್ಲ, ಕೆಲವು ಕಡೆ ಗೇಟೇ ಮುಚ್ಚಿರುತ್ತದೆ. ಕತ್ತಲಲ್ಲಿ, ಮರಗಳ ನಡುವೆ, ಆವತ್ತು ಮಧ್ಯಾಹ್ನವಷ್ಟೇ ಕಂಡ ಗಾಡಿಯನ್ನು ರಿವರ್ಸ್ ಹಾಕಬೇಕು. ಈ ಲೆಕ್ಕವನ್ನು ಅವರ ಕೈಯಲ್ಲೇ ಬರೆಸಿ.

ಆರ್‌ವಿ ಓಡಿಸಿ ಪಳಗಿದವರಲ್ಲಿ 3-3-3 ಎಂಬ ಸೂತ್ರವಿದೆ: ದಿನಕ್ಕೆ 300 ಮೈಲಿ, ಅಂದರೆ 480 ಕಿ.ಮೀ. ಮೀರಬೇಡ, ಮಧ್ಯಾಹ್ನ 3ರೊಳಗೆ ತಲುಪು, ಒಂದೇ ಕಡೆ 3 ರಾತ್ರಿ ತಂಗು. ಅದು ಕೈ ಪಳಗಿದವರ ಗರಿಷ್ಠ ಮಿತಿ. ನಿಮಗೆ ಮೊದಲ ದಿನ 80ರಿಂದ 100 ಕಿ.ಮೀ. ಸಾಕು, ನಾಲ್ಕೂವರೆಗೆಲ್ಲ ನಿಂತುಬಿಡುತ್ತೀರಿ. ಉಳಿದ 450 ಕಿ.ಮೀ.ಯನ್ನು ಮರುದಿನ ಬೆಳಿಗ್ಗೆ 8ಕ್ಕೆ ಹೊರಟರೆ ಸಂಜೆ ಐದರೊಳಗೆ ಬೆಳಕಿರುವಾಗಲೇ ಮುಗಿಸಬಹುದು. ಬುಕ್ ಆಗಿರುವ ಜಾಗವನ್ನು ಒಂದು ದಿನ ಮುಂದೂಡಲು ಇವತ್ತೇ ಫೋನ್ ಮಾಡಿಸಿ. ಒಂದು ರಾತ್ರಿಯ ದುಡ್ಡು ಹೋದರೂ ಹೋಗಲಿ. ಗಾಡಿಯ ಮೂಲೆ ಮರಕ್ಕೆ ತಗುಲಿದರೆ ಠೇವಣಿಯಿಂದ ಕಡಿಯುವ ಮೊತ್ತ ಅದಕ್ಕಿಂತ ದೊಡ್ಡದು.

ಇನ್ನು ಅತ್ತೆಯವರ ಮಾತು. ಗಾಡಿ ಓಡುವಾಗ ಹಾಸಿಗೆಯಲ್ಲಿ ಮಲಗುವಂತಿಲ್ಲ. ಜೋರಾಗಿ ಬ್ರೇಕ್ ಹಾಕಿದರೆ ಮಲಗಿದವರನ್ನು ಹಿಡಿದಿಡಲು ಅಲ್ಲಿ ಏನೂ ಇರುವುದಿಲ್ಲ. ಸಾಲದ್ದಕ್ಕೆ ಹಿಂದಿನ ಅಚ್ಚಿನಿಂದ ಆಚೆಗೆ ಗಾಡಿಯ ಕುಲುಕಾಟ ಹೆಚ್ಚು, ಹೊಟ್ಟೆ ತೊಳಸುವುದೂ ಅಲ್ಲೇ. ಅವರಿಗೆ ಮುಂದಕ್ಕೆ ಮುಖ ಮಾಡಿದ, ಬೆಲ್ಟ್ ಇರುವ ಸೀಟೇ ಆಗಬೇಕು. ಹಾಗಾಗಿ ಗಾಡಿ ಕೊಡುವವರನ್ನು ‘ಎಷ್ಟು ಜನ ಮಲಗಬಹುದು’ ಎಂದು ಕೇಳಬೇಡಿ, ‘ಎಷ್ಟು ಬೆಲ್ಟ್ ಇವೆ, ಅದರಲ್ಲಿ ಮುಂದಕ್ಕೆ ಮುಖ ಮಾಡಿದವು ಎಷ್ಟು’ ಎಂದು ಕೇಳಿ. ಆರು ಜನ ಮಲಗುವ ಗಾಡಿಯಲ್ಲಿ ನಾಲ್ಕೇ ಬೆಲ್ಟ್ ಇರುವುದುಂಟು. ಅಡ್ಡಲಾಗಿ ಕೂರುವ ಸೀಟಿಗೆ ಮಕ್ಕಳ ಸೀಟು ಕಟ್ಟುವಂತಿಲ್ಲ. ಕಿರಿಯ ಮಗುವಿನ ಸೀಟು ಎಲ್ಲಿ, ಹೇಗೆ ಬಿಗಿಯಾಗುತ್ತದೆ ಎಂಬುದನ್ನು ಅಲ್ಲೇ ಕಟ್ಟಿ ನೋಡಿ. ಚಲಿಸುವಾಗ ಶೌಚಾಲಯಕ್ಕೂ ಯಾರೂ ಏಳಬಾರದು, ನಿಲ್ಲಿಸಿಯೇ ಹೋಗಬೇಕು. ಇದನ್ನೆಲ್ಲ ಅತ್ತೆಯವರಿಗೆ ಹೊರಡುವ ವಾರ ಮೊದಲೇ, ಗೌರವದಿಂದ ಹೇಳಿ. ಎಂಟು ಗಂಟೆ ಬೆಲ್ಟ್ ಕಟ್ಟಿಕೊಂಡು ಕೂರಬೇಕು ಎಂದು ಗೊತ್ತಾದರೆ 100 ಕಿ.ಮೀ. ಸಾಕಪ್ಪ ಎಂದು ಅವರೇ ಮಗನಿಗೆ ಹೇಳಿಯಾರು.

ಈಗ ನಿಮ್ಮ ಅಡುಗೆ. ಇಲ್ಲಿ ನಾವು ನಿಮ್ಮ ಪರ ಇಲ್ಲ. ಗ್ಯಾಸ್ ಮತ್ತು ಕರೆಂಟ್ ಎರಡರಲ್ಲೂ ನಡೆಯುವ ಹೀರಿಕೆ ಬಗೆಯ ಫ್ರಿಜ್ ಇದ್ದರೆ ಅದು ತಣ್ಣಗಾಗಲು ಎಂಟರಿಂದ ಹನ್ನೆರಡು ಗಂಟೆ ಬೇಕು, ಗಾಡಿ ಓರೆಯಾಗಿ ನಿಂತರೆ ಸರಿಯಾಗಿ ತಣ್ಣಗಾಗುವುದೇ ಇಲ್ಲ. ಹಿಂದಿನ ರಾತ್ರಿಯೇ ಚಾಲೂ ಮಾಡಿಡಿ ಎಂದು ಬಾಡಿಗೆಯವರನ್ನು ಕೇಳಿಕೊಳ್ಳಿ, ಮನೆಯಲ್ಲೇ ತಣಿಸಿದ್ದನ್ನು ಮಾತ್ರ ಒಳಗಿಡಿ, ಗಾಳಿ ಆಡುವಷ್ಟು ಜಾಗ ಬಿಡಿ. ಮೊದಲ ಸಂಜೆಗೆ ಮನೆಯಿಂದಲೇ ಮಾಡಿ ತಂದ, ಬಿಸಿ ಮಾಡಿದರೆ ಸಾಕಾಗುವ ಊಟವಿರಲಿ. ಪಾತ್ರೆ ಹೆಚ್ಚಾದಷ್ಟೂ ತೊಳೆಯುವ ನೀರು ಹೆಚ್ಚು, ಸಿಂಕ್‌ನ ಕೊಳೆನೀರಿನ ಟ್ಯಾಂಕ್ ಬೇಗ ತುಂಬುತ್ತದೆ. ಭಾರದ ಲೆಕ್ಕವೂ ಇದೆ: ಒಂದು ಲೀಟರ್ ನೀರು ಒಂದು ಕಿಲೋ. 150 ಲೀಟರ್ ಟ್ಯಾಂಕ್ ತುಂಬಿಸಿದರೆ ಇಬ್ಬರು ದೊಡ್ಡವರನ್ನು ಹೆಚ್ಚಿಗೆ ಹೊತ್ತಂತೆ. ತಂಗುವ ಕಡೆ ನೀರಿನ ಸೌಲಭ್ಯವಿದ್ದರೆ ಕಾಲು ಭಾಗ ತುಂಬಿಸಿ ಹೊರಡಿ. ಭಾರದ ಡಬ್ಬಿಗಳು ಕೆಳಗೆ, ಎರಡು ಅಚ್ಚುಗಳ ನಡುವೆ ಇರಲಿ. ಮೇಲಿನ ಕಪಾಟಿನಲ್ಲಿ ಬಟ್ಟೆಬರೆ ಮಾತ್ರ.

ಕೀಲಿ ಪಡೆಯುವಾಗ ಮನೆಯವರಲ್ಲಿ ಒಬ್ಬರು ವಿಡಿಯೋ ಮಾಡಿ: ಗಾಡಿಯ ನಾಲ್ಕೂ ಮಗ್ಗುಲು, ಚಾವಣಿಯ ಅಂಚು, ಟೈರ್, ಒಳಗಿನ ಗೀರುಗಳು, ಜೊತೆಗೆ ಬಾಡಿಗೆಯವರು ಹೇಳಿಕೊಡುವ ಪ್ರತಿಯೊಂದು ಸ್ವಿಚ್. ಸಂಜೆ ಯಾವುದೂ ನೆನಪಿರುವುದಿಲ್ಲ. ಚಾವಣಿಯ ಎ.ಸಿ. ಸೇರಿ ಗಾಡಿ ಎಷ್ಟು ಎತ್ತರ ಎಂದು ಕೇಳಿ, ದಪ್ಪ ಅಕ್ಷರದಲ್ಲಿ ಬರೆದು ಡ್ರೈವರ್ ಕಣ್ಣೆದುರು ಅಂಟಿಸಿ. ಸಾಮಾನ್ಯವಾಗಿ ಮೂರು ಮೀಟರ್ ದಾಟಿರುತ್ತದೆ. ಕಾರಿನ ಅಭ್ಯಾಸದಲ್ಲಿ ಪೆಟ್ರೋಲ್ ಬಂಕ್‌ನ ಚಾವಣಿ, ಪಾರ್ಕಿಂಗ್‌ನ ಅಡ್ಡಕಂಬಿ, ಬಾಗಿದ ಕೊಂಬೆ ಯಾವುದೂ ಲೆಕ್ಕಕ್ಕೆ ಬರುವುದಿಲ್ಲ.

ಅಲ್ಲಿಂದ ಸೀದಾ ಹೆದ್ದಾರಿಗೆ ಹೋಗದೆ ಖಾಲಿ ಮೈದಾನದಲ್ಲಿ ಅರ್ಧ ಗಂಟೆ ಕಳೆಯಿರಿ. ನಿಮ್ಮವರು ಗಾಡಿಯನ್ನು ನೆಲದ ಗೆರೆಗೆ ಹೊಂದಿಸಿ ನಿಲ್ಲಿಸಿ, ಸ್ಟಿಯರಿಂಗ್ ಪೂರ್ತಿ ಎಡಕ್ಕೆ ತಿರುಗಿಸಿ ನಿಧಾನ ಮುಂದೆ ಹೋಗಲಿ. ನೀವು ದೂರದಲ್ಲಿ ನಿಂತು ಬಲಗಡೆಯ ಬಾಲವನ್ನು ನೋಡಿ. ಹಿಂದಿನ ಚಕ್ರದಾಚೆ ಚಾಚಿದ ಭಾಗ ಗೆರೆ ದಾಟಿ ಹೊರಕ್ಕೆ ಬೀಸುತ್ತದೆ. ಬಂಕ್‌ಗಳಲ್ಲಿ ಕಂಬಕ್ಕೆ ಉಜ್ಜುವುದು ಈ ಬಾಲವೇ, ಮೂತಿಯಲ್ಲ. ಬ್ರೇಕ್ ಹಿಡಿಯಲು ಎಷ್ಟು ದೂರ ಬೇಕು ಎಂಬುದನ್ನೂ ಅಲ್ಲೇ ನೋಡಿಕೊಳ್ಳಲಿ.

ಗಂಡಹೆಂಡಿರ ಜಗಳಕ್ಕೆ ಹೇಳಿಮಾಡಿಸಿದ ಹೊತ್ತು ಎಂದರೆ ರಿವರ್ಸ್ ಹಾಕುವಾಗ. ಒಬ್ಬರೇ ದಾರಿ ತೋರಿಸಬೇಕು. ಅತ್ತೆ, ಮಕ್ಕಳು ದೂರ ಒಂದೆಡೆ ಕೂತಿರಲಿ. ‘ಬಾ, ಎಡಕ್ಕೆ, ಬಲಕ್ಕೆ, ನಿಲ್ಲು’ ಎಂಬ ನಾಲ್ಕು ಕೈಸನ್ನೆಗಳನ್ನು ಮನೆಯಲ್ಲೇ ಗೊತ್ತು ಮಾಡಿಕೊಳ್ಳಿ. ಎಡಬಲ ಎಂದರೆ ಗಾಡಿಯ ಹಿಂಭಾಗ ಹೋಗಬೇಕಾದ ದಿಕ್ಕು ಎಂದೂ ಈಗಲೇ ನಿಶ್ಚಯಿಸಿ. ನೀವು ಕನ್ನಡಿಯಲ್ಲಿ ಕಾಣದ ಕ್ಷಣವೇ ಅವರು ಬ್ರೇಕ್ ಒತ್ತಬೇಕು. ಮೊದಲ ರಾತ್ರಿಗೆ ರಿವರ್ಸ್ ಬೇಡದ, ನೇರ ಒಳಬಂದು ನೇರ ಹೊರಹೋಗುವ ಜಾಗ ಕೇಳಿದರೆ ಈ ಪರೀಕ್ಷೆ ಮರುದಿನಕ್ಕೆ ಹೋಗುತ್ತದೆ.

ನಿಂತ ಮೇಲಿನ ಕ್ರಮ ಹೀಗಿರಲಿ. ಮೊದಲು ಗಾಡಿಯೊಳಗಿನ ನೆಲದ ಮೇಲೆ ರಸಮಟ್ಟ ಇಟ್ಟು ಎಡಬಲ ನೋಡಿ, ತಗ್ಗಿನ ಕಡೆ ಚಕ್ರದಡಿ ಹಲಗೆ ಹಾಕಿ ಗಾಡಿ ಹತ್ತಿಸಿ, ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಅಡೆ ಕೊಡಿ. ಆಮೇಲೆ ಕರೆಂಟ್: ಕ್ಯಾಂಪ್‌ನ ಕರೆಂಟ್ ಕಂಬದ ಎಂಸಿಬಿ ಕೆಳಗಿಳಿಸಿ, ವೈರ್ ಸಿಕ್ಕಿಸಿ, ಮತ್ತೆ ಮೇಲೆತ್ತಿ. ಎ.ಸಿ., ಮೈಕ್ರೋವೇವ್, ಗೀಸರ್ ಒಟ್ಟಿಗೆ ಹಾಕಿದರೆ ಟ್ರಿಪ್ ಆಗುವುದು ಬಹುತೇಕ ಖಚಿತ. ಹೊರಕ್ಕೆ ಸರಿಯುವ ಕೋಣೆ ಇದ್ದರೆ ಹೊರಗೆ ಮರ, ಕಂಬ ಇಲ್ಲವೆಂದು ನೋಡಿಯೇ ಗುಂಡಿ ಒತ್ತಿ. ನೀರಿನ ಪೈಪ್‌ಗೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕದಿದ್ದರೆ ಒಳಗಿನ ಜಾಯಿಂಟ್ ಬಿಟ್ಟುಕೊಳ್ಳಬಹುದು. ಬಿಸಿನೀರಿನ ನಲ್ಲಿಯಲ್ಲಿ ನೀರು ಬಂದ ಮೇಲೆಯೇ ಗೀಸರ್ ಹಾಕಿ. ಖಾಲಿ ಗೀಸರ್‌ನ ಕಾಯಿಲ್ ನಿಮಿಷಗಳಲ್ಲಿ ಸುಟ್ಟುಹೋಗುತ್ತದೆ. ಸಿಲಿಂಡರ್ ವಾಲ್ವ್ ಕೊನೆಯಲ್ಲಿ ತೆರೆಯಿರಿ, ಹೊರಡುವಾಗ ಮುಚ್ಚಿ. ಎಲ್‌ಪಿಜಿ ಗಾಳಿಗಿಂತ ಭಾರ, ಹಾಗಾಗಿ ಸೋರಿಕೆಯ ಅಲಾರಂ ನೆಲದ ಹತ್ತಿರ ಇರುತ್ತದೆ. ಅದಕ್ಕೆ ಚೀಲ ಅಡ್ಡ ಇಡಬೇಡಿ.

ಶೌಚದ ಟ್ಯಾಂಕ್‌ಗೆ ಮೊದಲೇ ಹತ್ತು ಹದಿನೈದು ಲೀಟರ್ ನೀರು, ಬಾಡಿಗೆಯವರು ಕೊಟ್ಟ ದ್ರಾವಣ ಹಾಕಿ. ಹೊರಗಿನ ವಾಲ್ವ್ ಮುಚ್ಚಿಯೇ ಇರಲಿ. ತೆರೆದಿಟ್ಟರೆ ನೀರೆಲ್ಲ ಹರಿದುಹೋಗಿ ಗಟ್ಟಿಯದ್ದು ಒಳಗೆ ಗುಡ್ಡೆಗಟ್ಟುತ್ತದೆ, ಆಮೇಲೆ ಅದನ್ನು ಕರಗಿಸುವ ಕೆಲಸ ಯಾರಿಗೂ ಬೇಡ. ಮುಕ್ಕಾಲು ಭಾಗ ತುಂಬಿದ ಮೇಲೆ ಮೊದಲು ಅದನ್ನು, ಆಮೇಲೆ ಸಿಂಕ್‌ನ ಟ್ಯಾಂಕ್ ಅನ್ನು ಖಾಲಿ ಮಾಡಿದರೆ ಪೈಪ್ ತಾನೇ ತೊಳೆದುಕೊಳ್ಳುತ್ತದೆ. ಈ ಕೆಲಸ ಯಾರದ್ದು ಎಂದು ಹೊರಡುವ ಮೊದಲೇ ನಿರ್ಧರಿಸಿ.

ಮಲಗುವ ವಿಷಯದಲ್ಲಿ ಹೆಚ್ಚು ಯೋಚಿಸಬೇಕಿಲ್ಲ. ಶೌಚಾಲಯಕ್ಕೆ ಹತ್ತಿರದ ಕೆಳಗಿನ ಹಾಸಿಗೆ ಅತ್ತೆಗೆ, ಡ್ರೈವರ್ ತಲೆಯ ಮೇಲಿನದು ಹಿರಿಯ ಮಗುವಿಗೆ, ಬಲೆ ಕಟ್ಟಿ. ಆರು ವರ್ಷದೊಳಗಿನ ಮಗು ಮೇಲೆ ಮಲಗಬಾರದು.

ಇಷ್ಟಾದರೂ ನಿಮ್ಮವರು ಒಪ್ಪದಿದ್ದರೆ ಇನ್ನೊಂದು ಉಪಾಯ. ಅದೇ ದಾರಿಯಲ್ಲಿ 100 ಮತ್ತು 200 ಕಿ.ಮೀ. ಸುಮಾರಿನಲ್ಲಿ ಎರಡು ಕ್ಯಾಂಪ್ ಹುಡುಕಿ, ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ‘ಸೂರ್ಯ ಮುಳುಗಲು ಒಂದೂವರೆ ಗಂಟೆ ಇರುವಾಗ ಯಾವುದು ಹತ್ತಿರವೋ ಅಲ್ಲಿ ನಿಲ್ಲೋಣ’ ಎಂಬ ಒಂದೇ ಮಾತಿಗೆ ಒಪ್ಪಿಸಿ, ಅದನ್ನೂ ಮನೆಯಲ್ಲೇ, ಅತ್ತೆಯವರ ಎದುರಿಗೆ. ದಾರಿಯಲ್ಲಿ ಆ ಹೊತ್ತಾದಾಗ ನೆನಪಿಸುವ ಕೆಲಸ ಒಂಬತ್ತು ವರ್ಷದ ಮಗುವಿಗೆ ಕೊಡಿ, ನೀವು ಬಾಯಿ ಬಿಡಬೇಡಿ.