ಚರ್ಚ್ ಶಾಲೆ ಅಂದರೆ ಕಾನ್ವೆಂಟ್ ಅಲ್ಲ: ಕಾಸರಗೋಡಿನ ಜೂನ್ ತಿಂಗಳು

ನೀವು ಕೇಳಿದ್ದು ಎರಡು ಪ್ರಶ್ನೆ. ಬೆಂಗಳೂರಿನಿಂದ ಕುಂಬಳೆ ಕಡೆಗೆ ವರ್ಗವಾಗಿ ಬರುತ್ತಿದ್ದೀರಿ, ಮಗಳನ್ನು ಇಲ್ಲಿಯ ಕ್ಯಾಥೋಲಿಕ್ ಶಾಲೆಯಲ್ಲಿ ಎರಡನೇ ಕ್ಲಾಸಿಗೆ ಹಾಕಬೇಕು, ಡೊನೇಶನ್ ಎಷ್ಟಾಗಬಹುದು ಅಂತ ಒಂದು. ಕೇರಳದಲ್ಲಿ ಕನ್ನಡ ಶಾಲೆ ಹೇಗಿರುತ್ತದೆ, ಮಲಯಾಳ ಬಾರದಿದ್ದರೆ ಮಗುವಿಗೆ ಕಷ್ಟವಾ ಅಂತ ಇನ್ನೊಂದು. ಮೊದಲನೆಯದಕ್ಕೆ ಉತ್ತರ ಸುಲಭ: ಡೊನೇಶನ್ ಇಲ್ಲ, ಫೀಸೂ ಇಲ್ಲ. ಎರಡನೆಯದಕ್ಕೆ ಸ್ವಲ್ಪ ಉದ್ದ ಬರೆಯಬೇಕು. ಇಲ್ಲಿ ಜೂನ್ ತಿಂಗಳ ಮೊದಲ ವಾರ ಏನು ನಡೆಯುತ್ತದೆ ಅಂತ ಗೊತ್ತಾದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ.

ನಿಮ್ಮ ಕಡೆ ಕ್ಯಾಥೋಲಿಕ್ ಶಾಲೆ ಅಂದರೆ ಇಂಗ್ಲಿಷ್ ಮೀಡಿಯಂ, ಟೈ, ಅರ್ಜಿ ಫಾರಮ್ಮಿಗೆ ಕ್ಯೂ. ಇಲ್ಲಿ ಹಳ್ಳಿಗಳಲ್ಲಿ ಚರ್ಚ್ ಶಾಲೆ ಅಂದರೆ ಊರಿನ ಕನ್ನಡ ಶಾಲೆ, ಅಷ್ಟೇ. ಹೆಸರಿನ ಹಿಂದೆ ಎ.ಎಲ್.ಪಿ. ಅಥವಾ ಎ.ಯು.ಪಿ. ಅಂತ ಇರುತ್ತದೆ ನೋಡಿ, ಆ ‘ಎ’ ಅಂದರೆ ಅನುದಾನಿತ. ಕಟ್ಟಡ ಚರ್ಚಿನದ್ದು, ಜಾಗ ಚರ್ಚಿನದ್ದು, ಚರ್ಚಿನ ಮುಖ್ಯ ಪಾದ್ರಿ, ಅಂದರೆ ವಿಗಾರರೇ ಮ್ಯಾನೇಜರ್. ಟೀಚರುಗಳ ಸಂಬಳ, ಪಾಠಪುಸ್ತಕ, ಮಧ್ಯಾಹ್ನದ ಅಕ್ಕಿ ಎಲ್ಲ ಕೇರಳ ಸರ್ಕಾರದ್ದು. ಎಲ್.ಪಿ. ಅಂದರೆ ಒಂದರಿಂದ ನಾಲ್ಕು, ಯು.ಪಿ. ಶಾಲೆಯಲ್ಲಿ ಏಳರವರೆಗೆ.

ಇನ್ನೊಂದು ವಿಚಿತ್ರ ಇದೆ. 1956ರಲ್ಲಿ ರಾಜ್ಯಗಳ ಗಡಿ ಎಳೆದಾಗ ನಾವು ಕೇರಳಕ್ಕೆ ಸೇರಿದೆವು, ಆದರೆ ಇಲ್ಲಿಯ ಕೊಂಕಣಿ ಕ್ಯಾಥೋಲಿಕರ ಚರ್ಚುಗಳು ಮಂಗಳೂರು ಧರ್ಮಪ್ರಾಂತ್ಯದಲ್ಲೇ ಉಳಿದವು. ಬೇಳದ ಶೋಕಮಾತಾ ಚರ್ಚ್ 1890ರದ್ದು, ಕಯ್ಯಾರು, ಮಂಜೇಶ್ವರ, ವರ್ಕಾಡಿ ಚರ್ಚುಗಳೂ ಅಷ್ಟೇ, ಎಲ್ಲರ ಬಿಷಪರು ಮಂಗಳೂರಿನಲ್ಲಿ. ಶಿಕ್ಷಣ ಮಂತ್ರಿ ಮಾತ್ರ ತಿರುವನಂತಪುರದಲ್ಲಿ. ಹಾಗಾಗಿ ಇಲ್ಲಿಯ ಮ್ಯಾನೇಜರ್ ಫಾದರ್ ಒಂದು ಕಡೆ ಕೊಂಕಣಿಯಲ್ಲಿ ಬಂದ ಪತ್ರ ಓದುತ್ತಾರೆ, ಇನ್ನೊಂದು ಕಡೆ ಮಲಯಾಳದ ಸರ್ಕ್ಯುಲರ್ ಹಿಡಿದುಕೊಂಡು ಯಾರಾದರೂ ಓದಿ ಹೇಳಿ ಮಾರಾಯ್ರೇ ಅಂತ ಸ್ಟಾಫ್ ರೂಮಿಗೆ ಬರುತ್ತಾರೆ.

ಮಕ್ಕಳ ವಿಷಯಕ್ಕೆ ಬಂದರೆ, ಕ್ಲಾಸಿನಲ್ಲಿ ಕ್ಯಾಥೋಲಿಕ್ ಮಕ್ಕಳೇ ಕಮ್ಮಿ ಇರುವ ಚರ್ಚ್ ಶಾಲೆಗಳು ಬೇಕಾದಷ್ಟಿವೆ. ಬಂಟರು, ಬಿಲ್ಲವರು, ಮರಾಟಿಗಳು, ಮುಸ್ಲಿಮರು, ಹವ್ಯಕರು, ಕೊರಗರ ಕಾಲನಿಯ ಮಕ್ಕಳು, ಎಲ್ಲರೂ ಅದೇ ಬೆಂಚಿನಲ್ಲಿ. ನಮ್ಮದು ತುಳು ಮನೆ, ನನ್ನ ಅಪ್ಪನೂ ಚರ್ಚ್ ಶಾಲೆಯಲ್ಲೇ ಓದಿದವರು, ಮಕ್ಕಳೂ ಅಲ್ಲೇ. ಮುಸ್ಲಿಂ ಮಕ್ಕಳು ಇರುವುದರಿಂದ ಚರ್ಚ್ ಶಾಲೆಯಲ್ಲಿ ಅರಬಿ ಟೀಚರ್ ಇರುವುದೂ ಇಲ್ಲಿ ಮಾಮೂಲು. ಶುಕ್ರವಾರ ಮಧ್ಯಾಹ್ನದ ಬಿಡುವು ಉದ್ದ, ಜುಮ್ಮಾ ನಮಾಜಿಗೆ ಹೋಗಿ ಬರುವಷ್ಟು. ಹೊರಗಿನಿಂದ ಬಂದವರು ಇದನ್ನು ಕೇಳಿ ಹೌದಾ ಅಂತಾರೆ. ನಮಗೆ ಅದರಲ್ಲಿ ಆಶ್ಚರ್ಯಪಡಲು ಏನಿದೆ ಅಂತಲೇ ಗೊತ್ತಾಗುವುದಿಲ್ಲ.

ಹೊಸ ವರ್ಷ ಶುರುವಾಗುವುದು ಜೂನ್ ಒಂದಕ್ಕೆ ಅಂತ ಸರ್ಕಾರ ಹೇಳುತ್ತದೆ. ಅಸಲಿಗೆ ಶುರುವಾಗುವುದು ಏಪ್ರಿಲ್-ಮೇ ತಿಂಗಳಲ್ಲಿ. ಬಿಸಿಲು ಇಳಿದ ಮೇಲೆ ಟೀಚರುಗಳು ಇಬ್ಬಿಬ್ಬರಾಗಿ ಮನೆಮನೆಗೆ ಹೊರಡುತ್ತಾರೆ. ಅಂಗನವಾಡಿಯಿಂದ ಈ ವರ್ಷ ಯಾರು ಹೊರಬರುತ್ತಾರೆ ಅನ್ನುವ ಪಟ್ಟಿ ಅವರ ಕೈಯಲ್ಲಿರುತ್ತದೆ. ಅದೇ ಪಟ್ಟಿ ಪಕ್ಕದ ಸರ್ಕಾರಿ ಶಾಲೆಯವರ ಕೈಯಲ್ಲೂ ಇರುತ್ತದೆ, ಹಳದಿ ವ್ಯಾನಿನ ಇಂಗ್ಲಿಷ್ ಮೀಡಿಯಂನವರ ಕೈಯಲ್ಲೂ ಇರುತ್ತದೆ. ಅಂಗಳದಲ್ಲಿ ಅಡಿಕೆ ಸುಲಿಯುತ್ತಿದ್ದ ಅಜ್ಜಿ ಬನ್ನಿ ಟೀಚರೇ ಕುಳಿತುಕೊಳ್ಳಿ ಅಂತ ಬೆಲ್ಲ-ನೀರು ಕೊಡುತ್ತಾರೆ. ಸೊಸೆ ಒಳಗಿನಿಂದ ಬಂದು, ಅವನ ಅಪ್ಪ ಗಲ್ಫಿನಿಂದ ಫೋನ್ ಮಾಡಿದ ಮೇಲೆ ಹೇಳುತ್ತೇವೆ ಅನ್ನುತ್ತಾಳೆ. ಈ ಮಾತಿಗೆ ಅರ್ಥ ಏನು ಅಂತ ಟೀಚರಿಗೆ ಗೊತ್ತು. ಆದರೂ ಮುಂದಿನ ವಾರ ಮತ್ತೊಮ್ಮೆ ಹೋಗುತ್ತಾರೆ. ಮಕ್ಕಳನ್ನು ಶಾಲೆಗೆ ಕರೆತರುವ ವ್ಯಾನಿನ ಬಾಡಿಗೆಯನ್ನು ತಮ್ಮ ಸಂಬಳದಿಂದ ಹಾಕುವ ಟೀಚರುಗಳೂ ಇದ್ದಾರೆ, ಇದು ಯಾವ ದಾಖಲೆಯಲ್ಲೂ ಬರುವುದಿಲ್ಲ.

ಚರ್ಚಿನ ಒಳಗೂ ಮೇ ತಿಂಗಳಲ್ಲಿ ಇದೇ ಮಾತು. ಭಾನುವಾರದ ಪೂಜೆಯ ಕೊನೆಯಲ್ಲಿ ವಿಗಾರರು ಪ್ರಕಟಣೆ ಓದುವಾಗ ನಮ್ಮ ಶಾಲೆಗೆ ಮಕ್ಕಳನ್ನು ಕಳಿಸಿ ಅನ್ನುತ್ತಾರೆ. ಇದಕ್ಕೆ ಅವರದ್ದೇ ಒಂದು ಕಾರಣ ಇದೆ, ನನಗೆ ಕ್ಯಾಥೋಲಿಕ್ ಸ್ನೇಹಿತರೊಬ್ಬರು ಹೇಳಿದ್ದು. ಇಲ್ಲಿಯ ಕೊಂಕಣಿ ಬರೆಯುವುದು ಕನ್ನಡ ಲಿಪಿಯಲ್ಲಿ. ಪ್ರಾರ್ಥನೆ ಪುಸ್ತಕ, ಗೀತೆಗಳ ಪುಸ್ತಕ, ಭಾನುವಾರದ ದೊತೊರ್ನ್ (ಧರ್ಮೋಪದೇಶ) ಪಾಠ ಎಲ್ಲ ಅದರಲ್ಲೇ. ಕನ್ನಡ ಅಕ್ಷರ ಬಾರದ ಮಗು ಚರ್ಚಿನಲ್ಲಿ ಪುಸ್ತಕ ಮುಚ್ಚಿಟ್ಟು ಕುಳಿತುಕೊಳ್ಳಬೇಕು, ಇಲ್ಲವಾದರೆ ಮೊಬೈಲಿನಲ್ಲಿ ಇಂಗ್ಲಿಷ್ ಅಕ್ಷರದ ಕೊಂಕಣಿ ಹುಡುಕಬೇಕು. ಇಷ್ಟು ಹೇಳಿದರೂ ಎದುರಿನ ಬೆಂಚಿನಲ್ಲಿ ಕುಳಿತ ಅರ್ಧ ಜನ ಮಕ್ಕಳನ್ನು ಇಂಗ್ಲಿಷ್ ಮೀಡಿಯಂಗೇ ಕಳಿಸುತ್ತಾರೆ. ಅವರನ್ನು ದೂರುವುದಕ್ಕೆ ನನಗೆ ಬಾಯಿಲ್ಲ, ನಮ್ಮ ಸಂಬಂಧಿಕರೂ ಅದನ್ನೇ ಮಾಡುವುದು.

ಶಾಲೆ ಬಾಗಿಲು ತೆರೆಯುವ ದಿನಕ್ಕೆ ಕೇರಳದಲ್ಲಿ ಪ್ರವೇಶೋತ್ಸವ ಅಂತಾರೆ. ಹೆಸರಿಗೆ ತಕ್ಕಂತೆ ಉತ್ಸವವೇ. ಸಾಮಾನ್ಯವಾಗಿ ಜೂನ್ 1, ಅದು ಭಾನುವಾರ ಬಿದ್ದರೆ ಮರುದಿನ, 2025ರಲ್ಲಿ ಹಾಗೇ ಆಯಿತು. ಮಳೆಗಾಲವೂ ಅದೇ ಹೊತ್ತಿಗೆ ಹಿಡಿಯುತ್ತದೆ, ಹಾಗಾಗಿ ಬಣ್ಣದ ಕಾಗದದ ತೋರಣ ಕಟ್ಟಿದ ಗಂಟೆಯೊಳಗೆ ನೆನೆದು ಜೋತು ಬೀಳುವುದು ಗ್ಯಾರಂಟಿ. ಮೈಕಿನಲ್ಲಿ ತಿರುವನಂತಪುರದಿಂದ ಬಂದ ಪ್ರವೇಶೋತ್ಸವದ ಮಲಯಾಳ ಹಾಡು, ಅದು ಮುಗಿದ ಮೇಲೆ ನಮ್ಮ ಕನ್ನಡ ಹಾಡು. ಪಂಚಾಯತ್ ಮೆಂಬರ್ ಬರುತ್ತಾರೆ, ಫಾದರ್ ಬರುತ್ತಾರೆ, ಪಿಟಿಎ (ಹೆತ್ತವರ-ಟೀಚರುಗಳ ಸಂಘ) ಅಧ್ಯಕ್ಷರು ಬರುತ್ತಾರೆ. ಒಂದನೇ ಕ್ಲಾಸಿನವರಿಗೆ ಕಾಗದದ ಟೊಪ್ಪಿ, ಬಲೂನು, ಒಂದು ಚೀಲ. ಎಲ್ಲರಿಗೂ ಪಾಯಸ. ಭಾಷಣಗಳು ಉದ್ದವಾಗುತ್ತವೆ, ಅದು ಎಲ್ಲ ಕಡೆಯೂ ಇದ್ದದ್ದೇ.

ನೋಡಬೇಕಾದದ್ದು ಭಾಷಣ ಮುಗಿದ ಮೇಲೆ ಒಂದನೇ ಕ್ಲಾಸಿನ ಬಾಗಿಲನ್ನು. ಕೆಂಪುಕಲ್ಲಿನ ಗೋಡೆಯ ಉದ್ದಕ್ಕೂ ಜಗಲಿಯಲ್ಲಿ ಹನಿ ಸುರಿಯುವ ಪುಟ್ಟ ಕೊಡೆಗಳ ಸಾಲು. ತಾಯಂದಿರು ಕಿಟಕಿಯಿಂದ ಕದಲುವುದಿಲ್ಲ. ಒಂದು ಮಗು ಅಳಲು ಶುರುಮಾಡಿದರೆ ಸಾಕು, ಅದು ಬೆಂಚಿನಿಂದ ಬೆಂಚಿಗೆ ದಾಟುತ್ತದೆ. ಟೀಚರ್ ಒಂದು ಮಗುವಿಗೆ ಬುಲಿಪೊಡ್ಚಿ ಅನ್ನುತ್ತಾರೆ, ಪಕ್ಕದ್ದಕ್ಕೆ ರಡಾನಾಕಾ, ಅದರಾಚೆಯದಕ್ಕೆ ಕರಯಂಡ. ಅಳಬೇಡ ಅನ್ನುವ ಕನ್ನಡ ಮಾತು ಆ ದಿನ ಹೆಚ್ಚು ಕೆಲಸಕ್ಕೆ ಬರುವುದಿಲ್ಲ. ಯಾಕೆಂದರೆ ಮನೆಯಲ್ಲಿ ಕನ್ನಡ ಮಾತಾಡುವ ಮಕ್ಕಳು ಕನ್ನಡ ಶಾಲೆಯಲ್ಲೇ ಕೆಲವರು ಮಾತ್ರ. ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಮರಾಠಿ, ಹವ್ಯಕ, ಒಂದೊಂದು ಮನೆಯದ್ದು ಒಂದೊಂದು. ಅವರೆಲ್ಲ ಕನ್ನಡ ಕಲಿಯುವುದು ಇಲ್ಲಿ, ಈ ಬೆಂಚಿನ ಮೇಲೆ. ಓಣಂ ರಜೆಯ ಹೊತ್ತಿಗೆ ಅದೇ ಮಕ್ಕಳು ‘ಟೀಚರ್, ಇವನು ನನ್ನ ಪೆನ್ಸಿಲ್ ಕೊಡುವುದಿಲ್ಲ’ ಅಂತ ಪುಸ್ತಕದ ಕನ್ನಡದಲ್ಲೇ ಚಾಡಿ ಹೇಳುತ್ತಿರುತ್ತಾರೆ. ಮಂಗಳೂರು ಕಡೆಯ ಕನ್ನಡ ಪುಸ್ತಕದ ಹಾಗಿದೆ ಅಂತ ನೀವು ನಗುತ್ತೀರಲ್ವಾ, ಕಾರಣ ಇದೇ.

ಆ ವಾರದಲ್ಲೇ ಯಾವುದಾದರೂ ದಿನ ಬೆಳಿಗ್ಗೆ ಕ್ಯಾಥೋಲಿಕ್ ಮಕ್ಕಳಿಗೆ ಚರ್ಚಿನಲ್ಲಿ ಪವಿತ್ರಾತ್ಮನ ಹೆಸರಿನಲ್ಲಿ ಪೂಜೆ ಇರುತ್ತದೆ, ಓದುವ ವರ್ಷ ಶುರುವಾಗುವಾಗ ಬುದ್ಧಿ ಬೆಳಕು ಕೊಡು ಅಂತ ಬೇಡುವ ಪೂಜೆ. ನಮ್ಮ ಮಕ್ಕಳಿಗೆ ಅದು ಕಡ್ಡಾಯವಲ್ಲ. ಕ್ಯಾಥೋಲಿಕರಿಗೆ ಧರ್ಮೋಪದೇಶ ಇರುವ ಹೊತ್ತಿಗೆ ಉಳಿದವರಿಗೆ ಮೌಲ್ಯ ಶಿಕ್ಷಣ, ಅಂದರೆ ಕಥೆ ಹೇಳುವ ಪೀರಿಯಡ್. ಮತಾಂತರ ಅದು ಇದು ಅಂತ ನಿಮ್ಮ ಮನೆಯ ಹಿರಿಯರು ಹೆದರಿದ್ದಾರೆ ಅಂತ ಬರೆದಿದ್ದೀರಿ. ಮೂರು ತಲೆಮಾರು ಅಲ್ಲಿ ಓದಿದ ಮನೆಯವನು ನಾನು, ನಮ್ಮ ಮನೆಯಲ್ಲಿ ಈಗಲೂ ವರ್ಷಕ್ಕೊಮ್ಮೆ ಭೂತಕ್ಕೆ, ಅಂದರೆ ಮನೆಯ ದೈವಕ್ಕೆ, ತಂಬಿಲದ ಪೂಜೆ ಆಗುತ್ತದೆ. ಹೇಳಿಬಿಡಿ ಅವರಿಗೆ.

ಈಗ ಮುಖ್ಯ ವಿಷಯ. ಜೂನ್ ತಿಂಗಳಲ್ಲಿ ಇಲ್ಲಿಯ ಯಾವ ಟೀಚರನ್ನಾದರೂ ಮಾತಾಡಿಸಿ ನೋಡಿ, ‘ಆರನೇ ದಿನ’ ಅನ್ನುವ ಮಾತು ಬರದೇ ಇರುವುದಿಲ್ಲ. ಶಾಲೆ ಶುರುವಾಗಿ ಆರನೇ ಕೆಲಸದ ದಿನಕ್ಕೆ ರೋಲಿನಲ್ಲಿ ಎಷ್ಟು ಮಕ್ಕಳಿದ್ದಾರೋ ಆ ಲೆಕ್ಕದ ಮೇಲೆ ಆ ವರ್ಷದ ಹುದ್ದೆಗಳು ನಿಲ್ಲುತ್ತವೆ. ಆಧಾರ್ ನಂಬರ್ ಸಮೇತ ‘ಸಂಪೂರ್ಣ’ ಅನ್ನುವ ಸರ್ಕಾರಿ ಸಾಫ್ಟ್‌ವೇರಿನಲ್ಲಿ ಹೆಸರು ಏರಬೇಕು. ಎಲ್.ಪಿ.ಯಲ್ಲಿ 30 ಮಕ್ಕಳಿಗೆ ಒಬ್ಬ ಟೀಚರ್, ಯು.ಪಿ.ಯಲ್ಲಿ 35ಕ್ಕೆ ಒಬ್ಬರು ಅನ್ನುವುದು ಲೆಕ್ಕ. ಅಂದರೆ ಒಂದೆರಡು ಮಕ್ಕಳ ವ್ಯತ್ಯಾಸದಲ್ಲಿ ಒಂದು ಡಿವಿಷನ್ (ಕ್ಲಾಸಿನ ಒಂದು ವಿಭಾಗ) ಇರುತ್ತದೆ ಇಲ್ಲವಾ ಹೋಗುತ್ತದೆ. ಡಿವಿಷನ್ ಹೋದರೆ ಟೀಚರ್ ಹೋದರು. ಕ್ಲಾಸಿಗೆ ಸರಾಸರಿ 15 ಮಕ್ಕಳೂ ಇಲ್ಲದಿದ್ದರೆ ಆ ಶಾಲೆ ಅನ್‌ಎಕನಾಮಿಕ್, ಅಂದರೆ ಮಕ್ಕಳು ಸಾಲದ ಶಾಲೆಗಳ, ಪಟ್ಟಿಗೆ ಸೇರುತ್ತದೆ. ಮುಚ್ಚಿಬಿಡುತ್ತಾರೆ ಅಂತಲ್ಲ, ಆದರೆ ಊರಿನಲ್ಲಿ ಆ ಮಾತು ಒಮ್ಮೆ ಹರಡಿದರೆ ಮುಂದಿನ ವರ್ಷ ಇನ್ನೂ ನಾಲ್ಕು ಮಂದಿ ಇಂಗ್ಲಿಷ್ ಮೀಡಿಯಂನ ವ್ಯಾನು ಹತ್ತುತ್ತಾರೆ.

ಇದರಲ್ಲಿ ಕನ್ನಡದ ಪಾಡು ಬೇರೆಯೇ. ಈಗ ಅನುದಾನಿತ ಶಾಲೆಗಳಲ್ಲೂ ಕನ್ನಡದ ಪಕ್ಕದಲ್ಲೇ ಇಂಗ್ಲಿಷ್ ಮೀಡಿಯಂ ಡಿವಿಷನ್ ನಡೆಸುತ್ತಾರೆ. ಶಾಲೆಗೆ ಒಟ್ಟು ಮಕ್ಕಳು ಬಂದರೂ ಅವರು ಪಕ್ಕದ ಕೋಣೆಗೆ ಹೋಗಿ ಕುಳಿತರೆ ಕನ್ನಡದ ಕೋಣೆ ಖಾಲಿ. ಸರ್ಕಾರಿ ಶಾಲೆಗಳಲ್ಲಿ ಕನ್ನಡ ಮೀಡಿಯಂ ಹುದ್ದೆಗೆ ಕನ್ನಡ ಬಾರದವರು ನೇಮಕವಾಗಿ ಬಂದು ಗಲಾಟೆಯಾದ ಸುದ್ದಿ ನೀವು ಪೇಪರಿನಲ್ಲಿ ಓದಿರಬಹುದು. ಚರ್ಚ್ ಶಾಲೆಯಲ್ಲಿ ನೇಮಕ ಮಾಡುವುದು ಮ್ಯಾನೇಜ್‌ಮೆಂಟ್, ಹಾಗಾಗಿ ಬರುವವರು ಇಲ್ಲಿಯವರೇ, ಕನ್ನಡದಲ್ಲೇ ಓದಿದವರು, ಮಗುವಿನ ತುಳು-ಕೊಂಕಣಿ ಗೊತ್ತಿರುವವರು. ನನ್ನಂಥವರು ಇನ್ನೂ ಈ ಶಾಲೆಯನ್ನು ಬಿಡದೇ ಇರುವುದಕ್ಕೆ ಇದೇ ದೊಡ್ಡ ಕಾರಣ. ಆದರೆ ಹೊಸ ಟೀಚರುಗಳ ನೇಮಕಕ್ಕೆ ಸರ್ಕಾರದ ಅಂಗೀಕಾರ ಸಿಗುವುದು ತಡವಾಗುತ್ತದೆ, ಅಷ್ಟು ದಿನ ಪೂರ್ತಿ ಸಂಬಳವಿಲ್ಲದೆ ಪಾಠ ಮಾಡುವವರು ಇದ್ದಾರೆ. ಮಕ್ಕಳಿಗೆ ಗೊತ್ತಾಗುವ ಹಾಗೆ ಅವರು ಮುಖ ತೋರಿಸುವುದಿಲ್ಲ.

ಪುಸ್ತಕ ಉಚಿತ. ಕರ್ನಾಟಕದ್ದಲ್ಲ, ಕೇರಳದ ಪಾಠಪುಸ್ತಕವೇ ಕನ್ನಡದಲ್ಲಿ ಬರುತ್ತದೆ. ಹಾಗಾಗಿ ನಿಮ್ಮ ಮಗಳು ಅಲ್ಲಿ ಓದಿದ್ದು ಇಲ್ಲಿ ಸರಿಯಾಗಿ ಮುಂದುವರಿಯುವುದಿಲ್ಲ, ಮೊದಲ ಎರಡು ತಿಂಗಳು ಸ್ವಲ್ಪ ನೋಡಿಕೊಳ್ಳಿ. ಕನ್ನಡದ ಪುಸ್ತಕ ಕೆಲವು ವರ್ಷ ಮಲಯಾಳದ್ದಕ್ಕಿಂತ ತಡವಾಗಿ ಕೈಸೇರುತ್ತದೆ, ಆಗ ಟೀಚರುಗಳು ಫೋಟೋಕಾಪಿ ಮಾಡಿ ಕೊಡುತ್ತಾರೆ. ಕೆಲವು ಪಾಠಗಳ ಕನ್ನಡ ಓದಿದರೆ ಮಲಯಾಳದಿಂದ ಎಳೆದು ತಂದದ್ದು ಅಂತ ತಿಳಿಯುತ್ತದೆ, ಅದನ್ನು ಮನೆಯಲ್ಲಿ ನೀವೇ ಸರಿಮಾಡಿ ಹೇಳಿ. ಯೂನಿಫಾರಂ ನಾಲ್ಕನೇ ಕ್ಲಾಸಿನವರೆಗೆ ಕೈಮಗ್ಗದ ಬಟ್ಟೆ, ಉಚಿತ, ಹೊಲಿಸಿಕೊಳ್ಳುವುದು ನೀವು. ಮಧ್ಯಾಹ್ನ ಶಾಲೆಯಲ್ಲೇ ಊಟ, ವಾರದಲ್ಲಿ ಮೊಟ್ಟೆ, ಹಾಲು ಇರುತ್ತದೆ. ಬುತ್ತಿ ಕಟ್ಟಬೇಡಿ, ಎಲ್ಲರೂ ಒಟ್ಟಿಗೆ ಉಣ್ಣುವಾಗ ನಿಮ್ಮ ಮಗು ಒಬ್ಬಳೇ ಡಬ್ಬಿ ಬಿಚ್ಚಿದರೆ ಬೇಜಾರು.

ಮಲಯಾಳದ ಬಗ್ಗೆ ಕೇಳಿದ್ದೀರಿ. 2017ರಲ್ಲಿ ಮಲಯಾಳ ಕಡ್ಡಾಯ ಮಾಡುವ ಕಾನೂನು ಬಂದಾಗ ಕಾಸರಗೋಡಿನಲ್ಲಿ ಜನ ಬೀದಿಗಿಳಿದಿದ್ದರು, ಆ ಸಿಟ್ಟು ಇನ್ನೂ ಆರಿಲ್ಲ. ಆದರೆ ಅದು ದೊಡ್ಡವರ ಜಗಳ. ಎರಡನೇ ಕ್ಲಾಸಿನ ಮಗು ಮಲಯಾಳವನ್ನು ಆಟದ ಬಯಲಿನಲ್ಲಿ, ತುಳುವನ್ನು ವ್ಯಾನಿನಲ್ಲಿ ಕಲಿತುಬಿಡುತ್ತದೆ. ಕಷ್ಟ ಆಗುವುದು ನಿಮಗೆ. ಪಿಟಿಎ ಮೀಟಿಂಗಿಗೆ ಎಇಒ (ಸಹಾಯಕ ಶಿಕ್ಷಣಾಧಿಕಾರಿ) ಆಫೀಸಿನಿಂದ ಯಾರಾದರೂ ಬಂದರೆ ಅರ್ಧ ಗಂಟೆ ಮಲಯಾಳ ಕೇಳಬೇಕಾಗುತ್ತದೆ, ಪಕ್ಕದವರನ್ನು ಕೇಳಿ, ಹೇಳುತ್ತಾರೆ.

ರಜೆಯ ಲೆಕ್ಕವೂ ಬೇರೆ. ನಿಮ್ಮ ಹಾಗೆ ದಸರಾ ರಜೆ ಉದ್ದ ಇರುವುದಿಲ್ಲ. ಓಣಂಗೆ ಹತ್ತು ದಿನ, ಕ್ರಿಸ್ಮಸ್ಸಿಗೆ ಹತ್ತು ದಿನ, ಪರೀಕ್ಷೆಗಳೂ ಅವುಗಳ ಮುಂಚೆಯೇ. ಗಡಿಯ ತಲಪಾಡಿಯಿಂದಾಚೆ, ಕರ್ನಾಟಕದಲ್ಲಿ ಓದುವ ದಾಯಾದಿ ಮಕ್ಕಳಿಗೂ ಇಲ್ಲಿಯವರಿಗೂ ರಜೆ ಒಟ್ಟಿಗೆ ಬರುವುದು ಅಪರೂಪ, ಮೈಸೂರಿಗೆ ಹೋಗುವ ಪ್ಲಾನ್ ಇದ್ದರೆ ಈಗಲೇ ಬಿಟ್ಟುಬಿಡಿ. ಜೂನ್-ಜುಲೈಯಲ್ಲಿ ಮಳೆ ಜೋರಾದರೆ ಕಲೆಕ್ಟರ್ ರಜೆ ಕೊಡುತ್ತಾರೆ. ಹಿಂದಿನ ರಾತ್ರಿ ಫೋನ್ ನೋಡುತ್ತಿರಿ, ಕಾಸರಗೋಡು ಕಲೆಕ್ಟರರದ್ದು ಮಾತ್ರ ನೋಡಿ. ದಕ್ಷಿಣ ಕನ್ನಡದ ರಜೆಯ ಮೆಸೇಜ್ ಇಲ್ಲಿಯ ಗ್ರೂಪಿನಲ್ಲಿ ಓಡಾಡಿ ಪ್ರತಿ ವರ್ಷ ಕೆಲವು ಮಕ್ಕಳು ಸುಮ್ನೆ ಮನೆಯಲ್ಲಿ ಉಳಿಯುತ್ತಾರೆ.

ವಯಸ್ಸಿನ ವಿಷಯ ಒಂದು, ನಿಮಗೆ ಬೇಡದಿದ್ದರೂ ನಿಮ್ಮ ತಂಗಿಗೆ ಬೇಕಾಗಬಹುದು. 2025-26ರವರೆಗೆ ಇಲ್ಲಿ ಐದು ತುಂಬಿದ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸಿಕೊಂಡಿದ್ದಾರೆ, ನಿಮ್ಮಲ್ಲಿ ಆರರ ಲೆಕ್ಕ. ಗಡಿ ದಾಟುವ ಮುಂಚೆ ಎರಡೂ ಕಡೆ ವಿಚಾರಿಸಿಕೊಳ್ಳಲಿ.

ನೀವು ಮಾಡಬೇಕಾದದ್ದು ಜಾಸ್ತಿ ಇಲ್ಲ. ಈಗಿನ ಶಾಲೆಯಿಂದ ಟಿಸಿ ತೆಗೆದುಕೊಳ್ಳಿ, ಮಗಳ ಆಧಾರ್ ಮತ್ತು ಜನನ ಪ್ರಮಾಣಪತ್ರದಲ್ಲಿ ಹೆಸರಿನ ಸ್ಪೆಲ್ಲಿಂಗ್ ಒಂದೇ ಇದೆಯಾ ನೋಡಿ, ಇಲ್ಲವಾದರೆ ಆ ಸಾಫ್ಟ್‌ವೇರ್ ಮುಂದೆ ಹೋಗುವುದಿಲ್ಲ. ಮೇ ಕೊನೆಯಲ್ಲಿ ಎಚ್ಎಂಗೆ ಒಂದು ಫೋನ್ ಮಾಡಿ ಬರುತ್ತೇವೆ ಅಂತ ಹೇಳಿ, ಅವರಿಗೆ ಆ ರಾತ್ರಿ ಚೆನ್ನಾಗಿ ನಿದ್ದೆ ಬರುತ್ತದೆ. ಕನ್ನಡ ಮೀಡಿಯಂಗೇ ಅಂತ ಒತ್ತಿ ಹೇಳಿ. ಮನೆ ಸಾಗಿಸುವುದು ತಡವಾದರೂ ಪರವಾಗಿಲ್ಲ, ಮಗುವನ್ನು ಮಾತ್ರ ಆ ಆರನೇ ದಿನದ ಒಳಗೆ ಕರೆದುಕೊಂಡು ಬಂದು ಹೆಸರು ಬರೆಸಿ. ಆಮೇಲೆ ಬಂದರೂ ಖುಷಿಯಿಂದ ಸೇರಿಸಿಕೊಳ್ಳುತ್ತಾರೆ, ಆದರೆ ಟೀಚರ್ ಹುದ್ದೆಯ ಲೆಕ್ಕಕ್ಕೆ ಅವಳು ಬರುವುದಿಲ್ಲ.