ಓದುಗರ ಪ್ರಶ್ನೆಗಳಿಗೆ ಉತ್ತರ: ಹಳೆಯ ಮೌಸ್, ಹೊಸ ಕಂಪ್ಯೂಟರ್, ನಡುವಿನ ಸರ್ಕ್ಯೂಟ್

ಪ್ರಶ್ನೆ: ಯುಎಸ್‌ಬಿ ಮೌಸ್‌ ಒಂದರ ಜೊತೆ ಬಂದ ಹಸಿರು ಬಣ್ಣದ ಪುಟ್ಟ ಕನ್ವರ್ಟರ್ ನನ್ನಲ್ಲಿದೆ. ಅದನ್ನು ಹಾಕಿದರೆ ಆ ಮೌಸ್ ಹಳೆಯ ಕಂಪ್ಯೂಟರಿನ ದುಂಡು ಪಿಎಸ್/2 ಕಿಂಡಿಯಲ್ಲಿ ಕೆಲಸ ಮಾಡುತ್ತದೆ. ಇನ್ನೊಂದು ಕಂಪನಿಯ ಮೌಸ್‌ಗೆ ಅದೇ ಕನ್ವರ್ಟರ್ ಹಾಕಿದರೆ ಅಲುಗಾಡುವುದೇ ಇಲ್ಲ. ಕನ್ವರ್ಟರ್ ಕೆಟ್ಟಿದೆಯೇ?
– ಡಿಪ್ಲೊಮಾ ವಿದ್ಯಾರ್ಥಿ, ಹುಬ್ಬಳ್ಳಿ

ಉತ್ತರ: ಕೆಟ್ಟಿಲ್ಲ. ಆ ಹಸಿರು ಕನ್ವರ್ಟರ್‌ನ ಒಳಗೆ ಯಾವ ಚಿಪ್ಪೂ ಇರುವುದಿಲ್ಲ, ನಾಲ್ಕು ತಂತಿಗಳಷ್ಟೇ ಇರುತ್ತವೆ. ಯುಎಸ್‌ಬಿಯ ಎರಡು ಸಂಕೇತ ತಂತಿಗಳಲ್ಲಿ ಡಿ ಪ್ಲಸ್ ತಂತಿಯನ್ನು ಪಿಎಸ್/2 ಕಿಂಡಿಯ ಕ್ಲಾಕ್ (ಬಿಟ್‌ಗಳಿಗೆ ತಾಳ ಹಾಕುವ) ಪಿನ್ನಿಗೂ ಡಿ ಮೈನಸ್ ತಂತಿಯನ್ನು ಡೇಟಾ ಪಿನ್ನಿಗೂ ಸೇರಿಸಿ, 5 ವೋಲ್ಟ್ ಮತ್ತು ಗ್ರೌಂಡ್‌ಗಳನ್ನು ಹಾಗೆಯೇ ದಾಟಿಸುವುದಷ್ಟೇ ಅದರ ಕೆಲಸ. ಎರಡು ಭಾಷೆ ಬಲ್ಲದ್ದು ಕನ್ವರ್ಟರ್ ಅಲ್ಲ, ಅದರ ಜೊತೆಗೆ ಬಂದ ಮೌಸ್. ವಿದ್ಯುತ್ ಬಂದ ಕೂಡಲೇ ಅಂಥ ಮೌಸ್‌ನ ಚಿಪ್ ಎರಡೂ ತಂತಿಗಳ ಸ್ಥಿತಿಯನ್ನು ನೋಡುತ್ತದೆ. ಯುಎಸ್‌ಬಿ ಕಿಂಡಿಯಲ್ಲಿ ಕಂಪ್ಯೂಟರಿನ ಕಡೆಯಿಂದ 15 ಕಿಲೋಓಮ್ ರೆಸಿಸ್ಟರ್‌ಗಳು ತಂತಿಗಳನ್ನು ಕೆಳಕ್ಕೆ, ಅಂದರೆ ಸೊನ್ನೆ ವೋಲ್ಟಿನ ಕಡೆಗೆ, ಎಳೆದಿರುತ್ತವೆ. ಪಿಎಸ್/2 ಕಿಂಡಿಯಲ್ಲಾದರೆ ಅವು 5 ವೋಲ್ಟಿನತ್ತ ಮೇಲಕ್ಕೆ ಎಳೆಯಲ್ಪಟ್ಟಿರುತ್ತವೆ. ಈ ವ್ಯತ್ಯಾಸದಿಂದಲೇ ತಾನು ಎಲ್ಲಿದ್ದೇನೆಂದು ಮೌಸ್ ತಿಳಿದುಕೊಳ್ಳುತ್ತದೆ. ಯುಎಸ್‌ಬಿಯನ್ನು ಮಾತ್ರ ಬಲ್ಲ ನಿಮ್ಮ ಎರಡನೆಯ ಮೌಸ್‌ಗೆ ಇದು ತಿಳಿಯುವುದಿಲ್ಲ. ಅಂದ ಹಾಗೆ, ಪಿಎಸ್/2 ಕಿಂಡಿಗೆ ಕಂಪ್ಯೂಟರ್ ಚಾಲೂ ಇರುವಾಗ ಏನನ್ನೂ ಜೋಡಿಸಬೇಡಿ, ಕೀಳಬೇಡಿ. ಅದನ್ನು ಆ ಬಳಕೆಗೆಂದು ರೂಪಿಸಿಲ್ಲ.

ಪ್ರಶ್ನೆ: ನನ್ನ ಬಳಿ ಹಳೆಯ ಸೀರಿಯಲ್ ಮೌಸ್, ಪಿಎಸ್/2 ಮೌಸ್ ಮತ್ತು ಒಳಗೆ ಚಿಪ್ ಇಲ್ಲದೆ ತಿರುಗಿದ್ದನ್ನು ಸಂಕೇತವಾಗಿಸುವ ಬರಿಯ ಎನ್‌ಕೋಡರ್ ಚಕ್ರಗಳಿರುವ ಒಂದು ಟ್ರ್ಯಾಕ್‌ಬಾಲ್ (ಚೆಂಡನ್ನು ಬೆರಳಿನಿಂದ ತಿರುಗಿಸುವ ಸಾಧನ) ಇವೆ. ಮೂರನ್ನೂ ಯುಎಸ್‌ಬಿಗೆ ಹೊಂದಿಸುವ ಒಂದೇ ಸರ್ಕ್ಯೂಟ್ ಮಾಡಲು ಸಾಧ್ಯವೇ?
– ಎಲೆಕ್ಟ್ರಾನಿಕ್ಸ್ ಹವ್ಯಾಸಿ, ಶಿವಮೊಗ್ಗ

ಉತ್ತರ: ಖಂಡಿತ ಸಾಧ್ಯ, ಆದರೆ ಪ್ಲಗ್‌ಗಳ ಆಕಾರದಿಂದ ಯೋಚನೆಯನ್ನು ಆರಂಭಿಸಬೇಡಿ. ಪ್ರತಿ ಸಾಧನದ ಬಗ್ಗೆಯೂ ಮೊದಲು ಮೂರು ಸಂಗತಿಗಳನ್ನು ಬರೆದಿಟ್ಟುಕೊಳ್ಳಿ: ತಂತಿಯ ಮೇಲೆ ಎಷ್ಟು ವೋಲ್ಟ್ ಇದೆ, ಕ್ಲಾಕ್ ಸಂಕೇತವನ್ನು ಯಾರು ಕೊಡುತ್ತಾರೆ, ಮಾತನ್ನು ಯಾರು ಆರಂಭಿಸುತ್ತಾರೆ.

ಪಿಎಸ್/2ರಲ್ಲಿ ಕ್ಲಾಕ್ ಕೊಡುವುದು ಮೌಸ್, ಅದೂ ಸುಮಾರು 10ರಿಂದ 16.7 ಕಿಲೋಹರ್ಟ್ಸ್ ವೇಗದಲ್ಲಿ. ಒಂದೊಂದು ಬೈಟೂ 11 ಬಿಟ್‌ಗಳಾಗಿ ಬರುತ್ತದೆ: ಆರಂಭದ ಬಿಟ್, ಎಂಟು ಡೇಟಾ ಬಿಟ್, ಬೆಸ ಪ್ಯಾರಿಟಿ (ತಪ್ಪು ಪತ್ತೆಗೆಂದು 1ಗಳ ಸಂಖ್ಯೆಯನ್ನು ಬೆಸವಾಗಿಸುವ ಬಿಟ್) ಮತ್ತು ಕೊನೆಯ ಬಿಟ್. ಕಂಪ್ಯೂಟರಿಗೆ ಮಾತನಾಡಬೇಕೆನಿಸಿದರೆ ಅದು ಕ್ಲಾಕ್ ತಂತಿಯನ್ನು ಕನಿಷ್ಠ 100 ಮೈಕ್ರೊಸೆಕೆಂಡು ಕೆಳಕ್ಕೆ ಹಿಡಿದು, ಡೇಟಾ ತಂತಿಯನ್ನೂ ಇಳಿಸಿ, ಬಳಿಕ ಕ್ಲಾಕ್ ಬಿಡಬೇಕು. ಸೀರಿಯಲ್ ಮೌಸ್‌ನಲ್ಲಿ ಪ್ರತ್ಯೇಕ ಕ್ಲಾಕ್ ತಂತಿಯೇ ಇಲ್ಲ. ಮೈಕ್ರೋಸಾಫ್ಟ್ ವಿಧಾನದಲ್ಲಿ ಅದು ಸೆಕೆಂಡಿಗೆ 1200 ಬಿಟ್ ವೇಗದಲ್ಲಿ, ಏಳು ಡೇಟಾ ಬಿಟ್‌ಗಳ ಮೂರು ಬೈಟ್‌ಗಳನ್ನು ಕಳಿಸುತ್ತದೆ. ತನಗೆ ಬೇಕಾದ ವಿದ್ಯುತ್ತನ್ನೂ ಅದು ಸೀರಿಯಲ್ ಕಿಂಡಿಯ ಆರ್‌ಟಿಎಸ್ ಮತ್ತು ಡಿಟಿಆರ್ ಎಂಬ ನಿಯಂತ್ರಣ ತಂತಿಗಳಿಂದಲೇ ಪಡೆಯುತ್ತದೆ. ಆದ್ದರಿಂದ ಮ್ಯಾಕ್ಸ್232ರಂಥ ಚಿಪ್ ಬಳಸುವಾಗ, ಅದು ಸಂಕೇತದ ಮಟ್ಟವನ್ನು ಬದಲಿಸಿದರೆ ಸಾಲದು, ಮೌಸ್‌ನ ಹೊಟ್ಟೆ ತುಂಬುವಷ್ಟು ಕರೆಂಟನ್ನೂ ಕೊಡಬಲ್ಲುದೇ ಎಂದು ಮೀಟರ್ ಹಿಡಿದು ನೋಡಿ. ಟ್ರ್ಯಾಕ್‌ಬಾಲ್‌ನಲ್ಲಿ ಪ್ರತಿ ಅಕ್ಷಕ್ಕೂ ಎರಡು ಸಂಕೇತಗಳಿದ್ದು, ಅವು ಪರಸ್ಪರ 90 ಡಿಗ್ರಿ ಹಿಂದೆಮುಂದೆ ಇರುತ್ತವೆ. ಯಾವುದು ಮುಂದಿದೆ ಎಂಬುದರಿಂದ ಚಲನೆಯ ದಿಕ್ಕು ತಿಳಿಯುತ್ತದೆ. ಚಕ್ರದ ಮೂಲಕ ಬರುವ ಬೆಳಕನ್ನು ಗ್ರಹಿಸುವ ಫೋಟೊಟ್ರಾನ್ಸಿಸ್ಟರಿನಿಂದ ಬರುವ ಏರಿಳಿತ ಮಂದವಾಗಿರುವುದರಿಂದ 74ಎಚ್‌ಸಿ14ರಂಥ ಶ್ಮಿಟ್ ಟ್ರಿಗರ್ ಮೂಲಕ ಅದನ್ನು ಚೂಪುಗೊಳಿಸುವುದು ಒಳ್ಳೆಯದು.

ಈ ಮೂರನ್ನೂ ಓದಿ ಯುಎಸ್‌ಬಿಗೆ ಒಪ್ಪಿಸಲು ಮೈಕ್ರೊಕಂಟ್ರೋಲರ್ ಎಂಬ ಪುಟ್ಟ ಕಂಪ್ಯೂಟರ್ ಚಿಪ್ ಬೇಕು. ಅದರ ಆಯ್ಕೆಯಲ್ಲಿ ನನ್ನ ಒಲವು ಎಟಿಮೆಗಾ32ಯು4 ಕಡೆಗಿದೆ. ಅದು 5 ವೋಲ್ಟಿನಲ್ಲಿ ನಡೆಯುತ್ತದೆ, ಯುಎಸ್‌ಬಿಗೆ ಬೇಕಾದ 3.3 ವೋಲ್ಟನ್ನು ತಾನೇ ಒಳಗೆ ತಯಾರಿಸಿಕೊಳ್ಳುತ್ತದೆ. ಹಾಗಾಗಿ ಪಿಎಸ್/2 ತಂತಿಗಳನ್ನು ನೇರವಾಗಿ ಜೋಡಿಸಬಹುದು. ಅಗ್ಗವೆಂದು 3.3 ವೋಲ್ಟಿನ ಆರ್‌ಪಿ2040 ಚಿಪ್ ತೆಗೆದುಕೊಂಡರೆ ಅದರ ಪಿನ್‌ಗಳಿಗೆ 5 ವೋಲ್ಟ್ ತಾಕದಂತೆ ಬಿಎಸ್‌ಎಸ್138 ಮಾಸ್‌ಫೆಟ್‌ಗಳ ಎರಡೂ ಕಡೆ ಸಾಗುವ ಮಟ್ಟಪರಿವರ್ತಕ ಬೇಕೇ ಬೇಕು.

ಇಷ್ಟಾದ ಮೇಲೆ ವಿನ್ಯಾಸದ ತಿರುಳು ತಂತ್ರಾಂಶದಲ್ಲಿದೆ. ಮೂರು ಸಾಧನಗಳಿಗೂ ಮೂರು ಪ್ರತ್ಯೇಕ ಓದುವ ಭಾಗಗಳನ್ನು ಬರೆಯಿರಿ. ಅವೆಲ್ಲವೂ ಒಂದೇ ನಡುಮನೆಗೆ ತಮ್ಮ ಲೆಕ್ಕವನ್ನು ಒಪ್ಪಿಸಲಿ: ಅಡ್ಡ ಎಷ್ಟು ಸರಿಯಿತು, ಉದ್ದ ಎಷ್ಟು ಸರಿಯಿತು, ಯಾವ ಗುಂಡಿ ಒತ್ತಲಾಗಿದೆ. ಯುಎಸ್‌ಬಿ ಭಾಗವು ಆ ಲೆಕ್ಕವನ್ನಷ್ಟೇ ನೋಡಬೇಕು, ಅದು ಯಾವ ಸಾಧನದಿಂದ ಬಂತೆಂಬುದು ಅದಕ್ಕೆ ಗೊತ್ತಿರಕೂಡದು. ನಾಳೆ ನಾಲ್ಕನೆಯ ಸಾಧನವೊಂದು ಬಂದರೆ ಆಗ ಒಂದು ಓದುವ ಭಾಗವನ್ನು ಮಾತ್ರ ಸೇರಿಸಿದರೆ ಸಾಕು.

ಯುಎಸ್‌ಬಿಯಲ್ಲಿ ಕಂಪ್ಯೂಟರ್ ಕೇಳಿದಾಗ ಮಾತ್ರ ಸಾಧನ ಉತ್ತರಿಸುತ್ತದೆಯಾದ್ದರಿಂದ, ಎರಡು ಕೇಳಿಕೆಗಳ ನಡುವೆ ಬಂದ ಚಲನೆಯನ್ನೆಲ್ಲ ಕೂಡಿಡಬೇಕು. ಒಂದು ವರದಿಯಲ್ಲಿ, ಅಂದರೆ ಸಾಧನ ಒಮ್ಮೆಗೆ ಕೊಡುವ ಉತ್ತರದಲ್ಲಿ, 127ಕ್ಕಿಂತ ಹೆಚ್ಚು ಹಿಡಿಯದಿದ್ದರೆ ಉಳಿದುದನ್ನು ಮುಂದಿನ ವರದಿಗೆ ಒಯ್ಯಬೇಕು, ಎಸೆಯಬಾರದು. ಪಿಎಸ್/2 ಮೌಸ್‌ಗೆ ಮೇಲ್ಮುಖ ಚಲನೆ ಧನಾತ್ಮಕವಾದರೆ ಯುಎಸ್‌ಬಿಗೆ ಕೆಳಮುಖ ಚಲನೆ ಧನಾತ್ಮಕ. ಚಿಹ್ನೆ ತಿರುಗಿಸಲು ಮರೆತರೆ ಬಾಣ ತಲೆಕೆಳಗಾಗಿ ಓಡುತ್ತದೆ. ಇನ್ನೂ ಒಂದು ಎಚ್ಚರ: ಪಿಎಸ್/2 ಮೌಸ್‌ನ ಮೂರು ಬೈಟ್‌ಗಳಲ್ಲಿ ಒಂದು ಕಳೆದುಹೋದರೆ ಮುಂದಿನವೆಲ್ಲ ಅದಲುಬದಲಾಗಿ, ಬಾಣ ಪರದೆಯ ಮೂಲೆಗೆ ಹಾರಿ ತನ್ನಷ್ಟಕ್ಕೆ ಕ್ಲಿಕ್ ಮಾಡತೊಡಗುತ್ತದೆ. ಮೊದಲ ಬೈಟಿನಲ್ಲಿ, ಸೊನ್ನೆಯಿಂದ ಎಣಿಸಿದರೆ, 3ನೇ ಬಿಟ್ ಯಾವಾಗಲೂ 1 ಆಗಿರುತ್ತದೆ. ಅದನ್ನು ಪ್ರತಿ ಬಾರಿ ಪರೀಕ್ಷಿಸಿ, ಇಲ್ಲದಿದ್ದರೆ ಆ ಬೈಟನ್ನು ಬಿಟ್ಟು ಮುಂದಿನದರಿಂದ ಎಣಿಕೆ ಆರಂಭಿಸಿ.

ಸಾಧನವನ್ನು ತಾನಾಗಿ ಗುರುತಿಸುವ ಆಸೆ ನಿಮಗಿರಬಹುದು. ಪಿಎಸ್/2 ಮೌಸ್‌ಗೆ ರೀಸೆಟ್ ಆಜ್ಞೆ ಕಳಿಸಿದರೆ ಅದು ಹೆಕ್ಸ್ (16ರ ಆಧಾರದ ಸಂಖ್ಯೆ) ಎಎ, ಬಳಿಕ 00 ಎಂದು ಉತ್ತರಿಸುತ್ತದೆ. ಸೀರಿಯಲ್ ಮೌಸ್‌ನ ಆರ್‌ಟಿಎಸ್ ತಂತಿಯನ್ನು ಇಳಿಸಿ ಏರಿಸಿದರೆ ‘ಎಂ’ ಅಕ್ಷರವನ್ನು ಕಳಿಸುತ್ತದೆ. ನಿಮ್ಮ ಟ್ರ್ಯಾಕ್‌ಬಾಲ್‌ಗೆ ಮಾತ್ರ ಹೆಸರು ಹೇಳಿಕೊಳ್ಳುವ ಬಾಯಿಯಿಲ್ಲ. ಅದಕ್ಕೊಂದು ಪ್ರತ್ಯೇಕ ಕನೆಕ್ಟರ್ ಇಡುವುದೇ ಸರಿ, ಊಹಿಸುವ ತಂತ್ರಾಂಶಕ್ಕಿಂತ ಅದು ಹೆಚ್ಚು ನಂಬಿಕೆಯದ್ದು.

ಪ್ರಶ್ನೆ: ನಾನು ಮಾಡಿದ ಕನ್ವರ್ಟರ್ ವಿಂಡೋಸ್‌ನಲ್ಲಿ ಸರಿಯಾಗಿದೆ, ಆದರೆ ಬಯೋಸ್ (ವಿಂಡೋಸ್‌ಗೂ ಮೊದಲು ನಡೆಯುವ ತಂತ್ರಾಂಶ) ಪರದೆಯಲ್ಲಿ ಮೌಸ್ ಕಾಣುವುದಿಲ್ಲ. ಏಕೆ?
– ಕಂಪ್ಯೂಟರ್ ರಿಪೇರಿ ಅಂಗಡಿಯವರು, ತುಮಕೂರು

ಉತ್ತರ: ಬಯೋಸ್‌ಗಳು ಸಾಮಾನ್ಯವಾಗಿ ಸಾಧನದ ವಿವರವಾದ ವರ್ಣನೆಯನ್ನು ಓದುವುದಿಲ್ಲ, ‘ಬೂಟ್ ಪ್ರೊಟೊಕಾಲ್’ ಎಂಬ ಸರಳ ರೂಪವನ್ನು ಮಾತ್ರ ನಿರೀಕ್ಷಿಸುತ್ತವೆ. ನಿಮ್ಮ ಸಾಧನವು ತನ್ನನ್ನು ಕ್ಲಾಸ್ 3, ಸಬ್‌ಕ್ಲಾಸ್ 1, ಪ್ರೊಟೊಕಾಲ್ 2 ಎಂದು ಪರಿಚಯಿಸಿಕೊಳ್ಳಲಿ, ಕಂಪ್ಯೂಟರ್ ಆ ರೂಪವನ್ನು ಕೇಳಿದಾಗ ಗುಂಡಿಗಳು, ಅಡ್ಡ ಚಲನೆ, ಉದ್ದ ಚಲನೆ ಎಂಬ ಮೂರು ಬೈಟ್‌ಗಳನ್ನು ಇದೇ ಕ್ರಮದಲ್ಲಿ ಕಳಿಸಲಿ.

ಪ್ರಶ್ನೆ: ಕೈಗಳ ಹಿಡಿತ ಕಡಿಮೆಯಿರುವ ಮಕ್ಕಳಿಗೆ ಪಾಠ ಮಾಡುತ್ತೇನೆ. ಮೌಸ್‌ನ ಎಡ ಗುಂಡಿಯ ಬದಲು ದೊಡ್ಡ ಸ್ವಿಚ್ ಜೋಡಿಸಬಹುದೇ?
– ಶಿಕ್ಷಕಿ, ಮೈಸೂರು

ಉತ್ತರ: ಜೋಡಿಸಬಹುದು, ಹೆಚ್ಚು ಖರ್ಚೂ ಇಲ್ಲ. ಮೌಸ್‌ ಬಿಚ್ಚಿದರೆ ಎಡ ಗುಂಡಿಯ ಕೆಳಗೆ ಒಂದು ಸಣ್ಣ ಮೈಕ್ರೊಸ್ವಿಚ್ ಕಾಣುತ್ತದೆ. ಒತ್ತಿದಾಗ ಪರಸ್ಪರ ಸೇರುವ ಅದರ ಎರಡು ಕಾಲುಗಳಿಂದ ತಂತಿ ಎಳೆದು 3.5 ಮಿಲಿಮೀಟರಿನ ಮೋನೊ ಸಾಕೆಟ್‌ಗೆ ಬೆಸುಗೆ ಹಾಕಿಸಿ. ಅಂಗವಿಕಲರಿಗಾಗಿ ಮಾರುವ ಸ್ವಿಚ್‌ಗಳಲ್ಲಿ ಹೆಚ್ಚಿನವು ಇದೇ ಅಳತೆಯ ಪ್ಲಗ್ ಹೊಂದಿರುತ್ತವೆ. ಮೂಲ ಗುಂಡಿಯೂ ಮೊದಲಿನಂತೆಯೇ ಕೆಲಸ ಮಾಡುತ್ತದೆ. ಆದರೆ ನಡುಗುವ ಕೈಯಿಂದ ಒಂದು ಒತ್ತುವಿಕೆ ಎರಡು ಮೂರಾಗಿ ಎಣಿಕೆಯಾಗಬಹುದು, ಒತ್ತಿ ಹಿಡಿದು ಎಳೆಯುವುದಂತೂ ಇನ್ನೂ ಕಷ್ಟ. ಆಗ ನಡುವೆ ಮೇಲೆ ಹೇಳಿದಂಥ ಮೈಕ್ರೊಕಂಟ್ರೋಲರ್ ಇಟ್ಟು, ಒಂದು ಒತ್ತುವಿಕೆಯ ನಂತರ ಮಗುವಿಗೆ ಹೊಂದುವಷ್ಟು ಹೊತ್ತು ಮುಂದಿನದನ್ನು ಲೆಕ್ಕಕ್ಕೆ ಹಿಡಿಯದಂತೆಯೂ, ಇನ್ನೊಂದು ಸ್ವಿಚ್ ಒಮ್ಮೆ ಒತ್ತಿದರೆ ಎಡ ಗುಂಡಿ ಹಿಡಿದಂತೆ, ಮತ್ತೊಮ್ಮೆ ಒತ್ತಿದರೆ ಬಿಟ್ಟಂತೆಯೂ ಮಾಡಬಹುದು. ಕಾಯುವ ಹೊತ್ತನ್ನು ಹೊಂದಿಸುವ ತಿರುಗುಗುಂಡಿಯನ್ನು ಪೆಟ್ಟಿಗೆಯ ಹೊರಗೇ ಇಡಿಸಿ. ಹಾಗಿದ್ದರೆ ಮಗು ಬೇರೆ ಕಂಪ್ಯೂಟರಿನ ಮುಂದೆ ಕುಳಿತಾಗಲೂ ಯಾರೂ ಸೆಟ್ಟಿಂಗ್ ಹುಡುಕಬೇಕಾಗುವುದಿಲ್ಲ.