ಮುಖವೇ ಕಾಣದ ನೆರಳುಚಿತ್ರದಲ್ಲಿ ಆ ಮನುಷ್ಯ ಉಳಿಯುತ್ತಾನೆಯೇ?

ದುಡಿಯುವ ಜನರನ್ನು ಬರಿಯ ಕಪ್ಪು ಆಕೃತಿಗಳಾಗಿ ಕತ್ತರಿಸಿಟ್ಟರೆ ಅವರ ಗುರುತನ್ನೇ ಅಳಿಸಿದಂತಾಗುವುದಿಲ್ಲವೇ, ಇಂಥ ಕೆಲಸಕ್ಕೆ ರೆಸಿಡೆನ್ಸಿ, ಅಂದರೆ ಕಲಾವಿದರು ಒಂದು ಊರಿನಲ್ಲಿ ಕೆಲಕಾಲ ಉಳಿದು ಕೆಲಸ ಮಾಡುವ ಅವಕಾಶ, ಏಕೆ ಬೇಕು ಎಂದು ಕೇಳಿದ್ದೀರಿ. ಗುರುತು ಅಳಿಸಿಹೋಗುವ ಭಯ ನಿಜವಾದದ್ದು. ಮೊದಲ ಹತ್ತು ದಿನ ನನ್ನ ಕೈಯಲ್ಲೇ ಹಾಗಾಯಿತು.

ಕಾಗದ, ಬಟ್ಟೆ, ಧ್ವನಿಮುದ್ರಣ ಮೂರರಲ್ಲೂ ಕೆಲಸ ಮಾಡುವವಳು ನಾನು. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟದಲ್ಲಿ ಆರು ವಾರಗಳ ರೆಸಿಡೆನ್ಸಿ ಸಿಕ್ಕಿತ್ತು. ಇರಲು ಕೋಣೆ, ಕೆಲಸಕ್ಕೆ ಮುಚ್ಚಿಹೋಗಿದ್ದ ಒಂದು ರೇಷ್ಮೆ ನೂಲು ಬಿಚ್ಚುವ ಶೆಡ್ಡು, ಸಾಮಗ್ರಿಗೆ ಸ್ವಲ್ಪ ಹಣ. ಕೊನೆಗೆ ಊರಿನವರಿಗೆ ತೋರಿಸಬೇಕು ಎಂಬುದೊಂದೇ ಷರತ್ತು. ಬಂದ ಮರುದಿನವೇ ರೇಷ್ಮೆಗೂಡಿನ ಮಾರುಕಟ್ಟೆಗೆ ಹೋಗಿ ಮೊಬೈಲಿನಲ್ಲಿ ಚಿತ್ರ ತೆಗೆದೆ. ಗೂಡು ಸುರಿದ ಜಾಲರಿಯ ಮುಂದೆ ನಿಂತ ರೈತ, ಗೂಡನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡುವ ರೀಲರ್ (ಗೂಡು ಕೊಂಡು ನೂಲು ಬಿಚ್ಚಿಸುವವರು), ಹುಳು ಗೂಡು ಕಟ್ಟುವ ಬಿದಿರಿನ ತಟ್ಟೆಯಾದ ಚಂದ್ರಿಕೆಯನ್ನು ಹೊತ್ತ ಹೆಂಗಸು. ಅವನ್ನೇ ಕಪ್ಪು ಕಾಗದದಲ್ಲಿ ಕತ್ತರಿಸಿದೆ. ನೋಡಲು ಚೆನ್ನಾಗಿಯೇ ಇದ್ದವು, ಆದರೆ ಯಾವ ಊರಿನ ಯಾರಾದರೂ ಆಗಬಹುದಿತ್ತು.

ಪಕ್ಕದ ಘಟಕದಲ್ಲಿ ನೂಲು ಬಿಚ್ಚುವ ಹಿರಿಯ ಹೆಂಗಸೊಬ್ಬರು ಒಂದು ಸಂಜೆ ಬಂದು ತಮ್ಮ ಆಕೃತಿಯನ್ನು ನೋಡಿದರು. "ಅಲ್ಲಮ್ಮ, ಇದು ನಾನಲ್ಲ. ಕೈ ಇಷ್ಟು ಮೇಲೆ ಹೋದರೆ ಎಳೆ ಕಡಿಯುತ್ತದೆ" ಎಂದರು. ಆಮೇಲೆ ಖಾಲಿ ಶೆಡ್ಡಿನಲ್ಲೇ ನಿಂತು ತೋರಿಸಿದರು. ಬಿಸಿನೀರಿನಲ್ಲಿ ಗೂಡಿನ ಅಂಟು ಸಡಿಲವಾದ ಮೇಲೆ ಹಲವು ಗೂಡುಗಳ ಎಳೆ ಸೇರಿ ಒಂದು ನೂಲಾಗುತ್ತದೆ. ಒಂದು ಗೂಡು ಮುಗಿದ ಕೂಡಲೇ ಮತ್ತೊಂದರ ತುದಿಯನ್ನು ಓಡುತ್ತಿರುವ ಎಳೆಗೆ ಎಸೆದು ಸೇರಿಸಬೇಕು. ಅದಕ್ಕಾಗಿ ಮೊಣಕೈ ಪಕ್ಕೆಗೆ ಅಂಟಿಕೊಂಡಿರುತ್ತದೆ, ಬಲ ಭುಜ ಎಡಕ್ಕಿಂತ ತಗ್ಗಿರುತ್ತದೆ, ಭಾರವೆಲ್ಲ ಒಂದೇ ಕಾಲಿನ ಮೇಲೆ. ಅವರು ಸೀರೆ ಸರಿಮಾಡಿಕೊಂಡು ಹೊರಟಾಗಲೂ ಆ ಭುಜ ತಗ್ಗಿಯೇ ಇತ್ತು. ಅವರ ಭಾವಚಿತ್ರ ತೆಗೆದಿದ್ದರೆ ನಾವೆಲ್ಲ ಮುಖವನ್ನೇ ನೋಡುತ್ತಿದ್ದೆವು, ಭುಜ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ನೆರಳುಚಿತ್ರವನ್ನು ನಾನು ನಂಬುವುದು ಈ ಕಾರಣಕ್ಕೆ.

ಅಂದಿನಿಂದ ಮೊಬೈಲ್ ಬಿಟ್ಟೆ. ಬಿಳಿ ಪಂಚೆಯೊಂದನ್ನು ಬಿಗಿಯಾಗಿ ಕಟ್ಟಿ, ಹಿಂದೆ ದೂರದಲ್ಲಿ ಒಂದು ಸಣ್ಣ ಬಲ್ಬು ಇಟ್ಟೆ. ಜನ ಬಟ್ಟೆಗೆ ಆದಷ್ಟು ಹತ್ತಿರ ನಿಲ್ಲಬೇಕು, ಆಗಲೇ ಅಂಚು ಚೂಪಾಗಿ ಬೀಳುತ್ತದೆ. ಟ್ಯೂಬ್‌ಲೈಟ್ ಬೇಡ, ಅಂಚೆಲ್ಲ ಮಸುಕಾಗುತ್ತದೆ. ಎದುರಿನಿಂದ ನಿಂತವರು ಕಂಬದಂತೆ ಕಾಣುತ್ತಾರೆ. ಪಕ್ಕಕ್ಕೆ ತಿರುಗಿದಾಗ ಕೈಗೂ ಮೈಗೂ ನಡುವೆ ಬೆಳಕು ತೂರುವ ಸಂದು ಸಿಗುತ್ತದೆ. ನಾನು ಕತ್ತರಿಸಲು ಹೆಚ್ಚು ಹೊತ್ತು ತೆಗೆದುಕೊಂಡದ್ದು ಆ ಸಂದುಗಳಿಗೇ. ಆಕೃತಿಗಳ ಹಿಂದೆ ರಾಟೆಗಳ ಸದ್ದನ್ನೂ ತೆಲುಗು, ಉರ್ದು, ಕನ್ನಡ ಬೆರೆತ ಅವರ ಮಾತನ್ನೂ ಕೇಳಿಸಿದೆ.

ನಿಮ್ಮ ಭಯಕ್ಕೆ ಇತಿಹಾಸವೂ ಇದೆ. ನೆರಳುಚಿತ್ರಕ್ಕೆ ಸಿಲೂಯೆಟ್ ಎಂಬ ಹೆಸರು 1759ರಲ್ಲಿ ಫ್ರಾನ್ಸಿನ ಹಣಕಾಸು ಮಂತ್ರಿಯಾಗಿದ್ದ, ಮಿತವ್ಯಯಕ್ಕೆ ಹೆಸರಾದ ಎಟಿಯೆನ್ ದ ಸಿಲೂಯೆಟ್ ಅವರಿಂದ ಬಂತು. ಕ್ಯಾಮೆರಾ ಇಲ್ಲದ ಕಾಲದಲ್ಲಿ ವರ್ಣಚಿತ್ರಕ್ಕೆ ದುಡ್ಡಿಲ್ಲದವರಿಗೂ ಸಿಗುತ್ತಿದ್ದ ಅಗ್ಗದ ಭಾವಚಿತ್ರ ಅದು. ಅದೇ ಶತಮಾನದಲ್ಲಿ ಸ್ವಿಟ್ಜರ್‌ಲೆಂಡಿನ ಪಾದ್ರಿ ಲಾವಾಟರ್ ಇಂಥ ನೆರಳುಚಿತ್ರಗಳಲ್ಲಿ ಮೂಗು, ಹಣೆಗಳ ಗೆರೆ ನೋಡಿ ಜನರ ಗುಣ ಅಳೆಯಲು ಹೊರಟರು. ಅಮೆರಿಕದ ಕಲಾವಿದೆ ಕಾರಾ ವಾಕರ್ 1990ರ ದಶಕದಿಂದ ಗುಲಾಮಗಿರಿಯ ಕ್ರೌರ್ಯವನ್ನು ಇದೇ ಕಪ್ಪು ಕಾಗದದಲ್ಲಿ ತೋರಿಸಿ, ಆಕೃತಿ ನೋಡಿ ಜನರ ಬಗ್ಗೆ ತೀರ್ಮಾನಿಸುವ ನಮ್ಮ ಚಾಳಿಯನ್ನೇ ಎತ್ತಿ ತೋರಿಸಿದರು. ನಮ್ಮ ತೊಗಲುಗೊಂಬೆಗಳ ಸಂಗತಿ ಬೇರೆ: ಅಲ್ಲಿ ತೊಗಲಿನ ಮೂಲಕವೇ ಬೆಳಕು ಹಾಯ್ದು ಬಣ್ಣ ಪರದೆಯ ಮೇಲೆ ಮೂಡುತ್ತದೆ. ಇಂಥ ಕೆಲಸಕ್ಕೆ ಕೈಹಾಕುವವರು ಈ ಎರಡು ಬಗೆಯ ನೆರಳನ್ನೂ ನೋಡಿರಲಿ ಎಂಬುದು ನನ್ನ ಆಸೆ.

ರೆಸಿಡೆನ್ಸಿ ಬೇಕಾದದ್ದು ಇದಕ್ಕೇ, ಕಾಯಲು. ಹುಳು ನಾಲ್ಕು ಜ್ವರ (ಪೊರೆ ಕಳಚುವ ಹಂತ) ದಾಟಿ, ಹಣ್ಣಾಗಿ ಚಂದ್ರಿಕೆ ಏರುವವರೆಗೆ ರೈತರಿಗೆ ನನ್ನ ಜೊತೆ ಮಾತನಾಡಲು ಬಿಡುವಿರಲಿಲ್ಲ. ಬಿಡುವಾದ ದಿನ ಒಬ್ಬರು ಆಗಷ್ಟೇ ಕಟ್ಟಲು ಶುರುವಾದ ಗೂಡನ್ನು ಬೆಳಕಿಗೆ ಹಿಡಿದು ತೋರಿಸಿದರು. ತೆಳುವಾದ ರೇಷ್ಮೆಯೊಳಗೆ ಹುಳು ತಲೆಯಾಡಿಸುತ್ತಿತ್ತು. ನಾನು ಕಂಡ ಅತ್ಯಂತ ಸುಂದರ ನೆರಳು ಅದು.

ಒಂದನ್ನು ಮಾತ್ರ ಮರೆಯಬೇಡಿ. ನಿಮಗಾಗಿ ನಿಂತವರಿಗೆ ಆ ಹೊತ್ತಿನ ಕೂಲಿಯನ್ನು ಬಜೆಟ್ಟಿನಲ್ಲಿ ಮೊದಲೇ ಬರೆಯಿರಿ, ಹೆಸರು ಹಾಕಬಹುದೇ ಎಂದು ಕೇಳಿ. ಕೆಲವರು ಬೇಡ ಎಂದರು. ಆ ಹಿರಿಯರು ಮಾತ್ರ ತಮ್ಮ ಹೆಸರನ್ನು ಮೂರು ಭಾಷೆಗಳಲ್ಲಿ ಬರೆಸಿ, ಆಕೃತಿಯನ್ನು ಸುರುಳಿ ಸುತ್ತಿ ಮನೆಗೆ ಒಯ್ದರು. ನನ್ನ ಬಳಿ ಅದರ ಮೂಲ ಇಲ್ಲ. ರೆಸಿಡೆನ್ಸಿಗೆ ನಿಮ್ಮ ಅರ್ಜಿಯ ಕರಡು ಸಿದ್ಧವಾದರೆ ಇಲ್ಲೇ ಹಾಕಿ, ಓದಿ ತಿಳಿಸುತ್ತೇನೆ.